ದೆವ್ವದ ವಿಳಾಸ

ನಮ್ಮ ಸೊಕ್ಕೆಯಲ್ಲಿ ಯಾರಾದರೂ ಏನಾದರೂ ಬರೆಯಲು ಕೂತರೆ ಅದು ಗುಟ್ಟಾಗಿ ಉಳಿಯುವುದಿಲ್ಲ. ಹಾಲು ಹಾಕಲು ಬರುವವರಿಂದ ಹಿಡಿದು ಜಗಳೂರು ಬಸ್ಸಿಗೆ ಕಾಯುವವರ ತನಕ ಎಲ್ಲರದೂ ಒಂದೇ ಪ್ರಶ್ನೆ: "ಟೀಚರಮ್ಮ, ಕಾದಂಬರಿ ಎಲ್ಲಿಗೆ ಬಂತು?" ಸದ್ಯಕ್ಕೆ ಅದು ಹನ್ನೊಂದನೆಯ ಅಧ್ಯಾಯಕ್ಕೆ ಬಂದು ನಿಂತಿದೆ. ಅದರೊಳಗಿನ ಹುಡುಗಿ ದಾವಣಗೆರೆಯಲ್ಲಿ ಮುಚ್ಚಿಹೋದ ಒಂದು ಹತ್ತಿ ಮಿಲ್ಲಿನ ಗೇಟಿನ ಮುಂದೆ ನಿಂತಿದ್ದಾಳೆ. ಮಿಲ್ಲು ನಿಂತು ಎಷ್ಟೋ ವರ್ಷವಾಗಿದೆ, ಆದರೂ ಒಳಗಿನಿಂದ ಮಗ್ಗಗಳ ಸದ್ದು ಕೇಳುತ್ತಿದೆ. ಅವಳಿಗೆ ಇನ್ನೂ ಹೆಸರಿಟ್ಟಿಲ್ಲ. ಮಗ್ಗ ನಡೆಸುತ್ತಿರುವವರು ಯಾರೆಂದು ಅವಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಸಂಜೆ ಶಾಲೆ ಬಿಟ್ಟ ಮೇಲೆ ನಮ್ಮ ಕಟ್ಟೆಗೆ ಬಂದು ಕೂರುವ ಮಕ್ಕಳ ತಕರಾರು ಬೇರೆ. "ನಿಮ್ದು ಮುಗಿಯೋತನಕ ನಾವೇನು ಓದ್ಬೇಕಜ್ಜಿ?" ನ್ಯಾಯವಾದ ಪ್ರಶ್ನೆ. ಬರೆಯುವ ನಡುವೆ ನಾನೂ ಅಂಥ ಪುಸ್ತಕಗಳನ್ನೇ ಮತ್ತೆ ತೆಗೆದು ಓದುತ್ತಿದ್ದೇನೆ. ಹನ್ನೊಂದನೆಯ ಅಧ್ಯಾಯ ಎರಡು ದಿನ ಕಾಯಲಿ, ಆ ಪುಸ್ತಕಗಳ ಮಾತು ಹೇಳಿಬಿಡುತ್ತೇನೆ.

ಮಾಯೆಯ ಕತೆಗಳಲ್ಲಿ ನಮಗೆಲ್ಲ ಚೆನ್ನಾಗಿ ಗೊತ್ತಿರುವುದು ಒಂದು ಬಗೆ. ಏಳು ಸಮುದ್ರದ ಆಚೆ ಒಂದು ದ್ವೀಪ, ಅಲ್ಲೊಂದು ಮರ, ಮರದಲ್ಲೊಂದು ಗಿಣಿ, ಗಿಣಿಯ ಕುತ್ತಿಗೆಯಲ್ಲಿ ರಾಕ್ಷಸನ ಪ್ರಾಣ. 1949ರಿಂದ ಕನ್ನಡದಲ್ಲಿಯೂ ಬರತೊಡಗಿದ ಚಂದಮಾಮ ಇಂಥ ಕತೆಗಳಿಂದ ಎಷ್ಟೋ ಮನೆಗಳ ರಾತ್ರಿಯನ್ನು ತುಂಬಿತು. ಈಗಿನ ಅಜ್ಜ-ಅಜ್ಜಿಯರಿಗೆ ಹೆಗಲ ಮೇಲೆ ಬೇತಾಳವನ್ನು ಹೊತ್ತ ವಿಕ್ರಮನ ಚಿತ್ರ ಕಣ್ಣುಮುಚ್ಚಿದರೂ ಕಾಣುತ್ತದೆ. ಇನ್ನೊಂದು ಬಗೆಯಲ್ಲಿ ಸಮುದ್ರ ದಾಟುವ ಕೆಲಸವೇ ಇಲ್ಲ. ನಾವು ದಿನಾ ನೋಡುವ ಬಸ್‌ಸ್ಟ್ಯಾಂಡು, ರೇಷನ್ ಅಂಗಡಿ, ನೀರಿನ ಟ್ಯಾಂಕು, ಇವುಗಳ ಸಂದಿಯಲ್ಲೇ ಮಾಯೆ ಇರುತ್ತದೆ. ಇಂಗ್ಲಿಷಿನವರು ಇದನ್ನು ಅರ್ಬನ್ ಫ್ಯಾಂಟಸಿ ಎನ್ನುತ್ತಾರೆ. ನಮ್ಮ ಕಟ್ಟೆಯ ಮಕ್ಕಳು ಇದಕ್ಕಿಟ್ಟ ಹೆಸರು 'ಪೇಟೆ ಮಾಯ'. ನನಗೆ ಅದೇ ಹಿಡಿಸಿತು.

ಇಂಥದೊಂದನ್ನು ಬರೆಯಬೇಕೆಂಬ ಹಟ ನನಗೆ ಹುಟ್ಟಿದ್ದು ಪುಸ್ತಕದಿಂದಲ್ಲ, ಒಂದು ಫೋನ್ ಕರೆಯಿಂದ. ನಮ್ಮ ಮೊಮ್ಮಗಳನ್ನು ಕಳೆದ ಜೂನಿನಲ್ಲಿ ಆರನೇ ತರಗತಿಗೆ ದಾವಣಗೆರೆಯ ಹಾಸ್ಟೆಲಿಗೆ ಸೇರಿಸಿದರು. ನಮ್ಮದು ಮಳೆ ನಂಬಿದ ನೆಲ. ಮೆಕ್ಕೆಜೋಳ, ಶೇಂಗಾ ಕೈಗೆ ಬಂದರೆ ಬಂತು, ಇಲ್ಲದಿದ್ದರೆ ಮಕ್ಕಳಾದರೂ ಓದಿಕೊಂಡು ಬೇರೆ ದಾರಿ ನೋಡಲಿ ಎಂದು ಹೆತ್ತವರು ಗಟ್ಟಿ ಮನಸ್ಸು ಮಾಡುತ್ತಾರೆ. ಒಂದು ವಾರ ಕಳೆದ ಮೇಲೆ ಅವಳು ಫೋನ್ ಮಾಡಿದಳು. ಊಟ ಸರಿಯಿದೆ, ಪಾಠ ಸರಿಯಿದೆ, ಆದರೆ ರಾತ್ರಿ ನಿದ್ದೆ ಇಲ್ಲ. ಯಾಕೆ ಎಂದು ಕೇಳಿದೆ.

"ಅಜ್ಜಿ, ನಮ್ಮೂರಾಗೆ ದೆವ್ವ ಎಲ್ಲೈತೆ ಅಂತ ಗೊತ್ತು. ಇಲ್ಲಿ ಎಲ್ಲೈತೆ ಅಂತಾನೇ ಗೊತ್ತಿಲ್ಲ."

ಫೋನ್ ಇಟ್ಟು ಬಹಳ ಹೊತ್ತು ಸುಮ್ಮನೆ ಕೂತೆ. ಎಂಥ ಮಾತು! ಊರಿನಲ್ಲಿ ಪ್ರತಿಯೊಂದಕ್ಕೂ ವಿಳಾಸವಿದೆ. ಹಾಳುಬಾವಿಯಲ್ಲಿ ಒಬ್ಬಳು, ಹುಣಸೆಮರದಲ್ಲಿ ಒಬ್ಬ. ಅವರನ್ನು ದಾಟುವಾಗ ಏನು ಹೇಳಿಕೊಳ್ಳಬೇಕು, ಯಾವ ಕಡೆ ನೋಡಬಾರದು ಎಂದು ಕಲಿಸಲು ಅಜ್ಜಿಯಿದ್ದಾಳೆ. ಹೊಸ ಊರಿನ ಮೂರು ಮಹಡಿಯ ಸಿಮೆಂಟ್ ಕಟ್ಟಡಕ್ಕೆ ಒಂದೂ ಕತೆಯಿಲ್ಲ. ಕತೆಯಿಲ್ಲದ ಕತ್ತಲು ಪೂರ್ತಿ ಕತ್ತಲು. ಅವಳಿಗೆ ಬೇಕಾಗಿದ್ದುದು ದೆವ್ವವಿಲ್ಲ ಎಂಬ ಸಮಾಧಾನವಲ್ಲ. ಆ ಊರಿನ ಮಾಯೆಯಲ್ಲಿ ಅವಳಿಗೂ ಒಂದು ಪಾಲು ಬೇಕಿತ್ತು.

ಹೆದರಿಸುವುದು ಬೇರೆ ಮಾತು. ಊಟ ಮಾಡದಿದ್ದರೆ ಗುಮ್ಮ ಬರುತ್ತಾನೆ ಎನ್ನುವುದು ಕತೆಯೇ ಅಲ್ಲ, ಗುಮ್ಮನನ್ನು ಪೊಲೀಸ್ ಕೆಲಸಕ್ಕೆ ಇಟ್ಟುಕೊಂಡ ಹಾಗೆ. ಅದನ್ನು ದಯವಿಟ್ಟು ಬಿಡಿ.

ಈಗ ಪುಸ್ತಕಗಳಿಗೆ ಬರುತ್ತೇನೆ. ಇ. ನೆಸ್ಬಿಟ್ ಎಂಬ ಇಂಗ್ಲಿಷ್ ಲೇಖಕಿ 1904ರಲ್ಲಿ 'ದಿ ಫೀನಿಕ್ಸ್ ಅಂಡ್ ದಿ ಕಾರ್ಪೆಟ್' ಎಂಬ ಕತೆ ಬರೆದರು. ಲಂಡನ್ನಿನ ಒಂದು ಸಾಧಾರಣ ಮನೆ. ಮಕ್ಕಳ ಕೋಣೆಗೆ ಹಳೆಯ ಜಮಖಾನೆಯೊಂದನ್ನು ಕೊಂಡು ತರುತ್ತಾರೆ. ಅದನ್ನು ಬಿಚ್ಚಿದರೆ ಒಳಗೊಂದು ಮೊಟ್ಟೆ. ಅದು ಬೆಂಕಿಗೆ ಬಿದ್ದು, ಒಡೆದು, ಮಾತಾಡುವ ಫೀನಿಕ್ಸ್ ಹಕ್ಕಿ ಹೊರಬರುತ್ತದೆ. ಜಮಖಾನೆಯೂ ಸಾಮಾನ್ಯದ್ದಲ್ಲ, ದಿನಕ್ಕೆ ಮೂರು ಆಸೆ ತೀರಿಸುತ್ತದೆ. ಹಕ್ಕಿಗೆ ಬಲು ಜಂಬ. ಲಂಡನ್ನಿನಲ್ಲಿ ತನ್ನ ಹೆಸರಿನ ದೇವಸ್ಥಾನವಿದೆ ಎಂದು ಕೇಳಿ ಹೊರಡುತ್ತದೆ. ಹೋಗಿ ನೋಡಿದರೆ ಅದು ಬೆಂಕಿ ವಿಮೆಯ ಆಫೀಸು! ಹಕ್ಕಿ ಅಷ್ಟಕ್ಕೆ ಬಿಡುವುದಿಲ್ಲ, ಆಫೀಸಿನವರ ಕೈಯಲ್ಲಿ ತನಗೆ ಪೂಜೆಯನ್ನೇ ಮಾಡಿಸಿಕೊಳ್ಳುತ್ತದೆ. ನಾನು ಇದನ್ನು ಹೇಳುವಾಗ ನಮ್ಮ ಕಟ್ಟೆಯ ಹುಡುಗನೊಬ್ಬ ನಕ್ಕು ನಕ್ಕು ಕೆಳಗೆ ಬಿದ್ದ.

ನನಗೆ ಅದರಲ್ಲಿ ತೀರಾ ಇಷ್ಟವಾದದ್ದು ಬೇರೆ. ಬಳಸಿ ಬಳಸಿ ಆ ಜಮಖಾನೆ ಸವೆಯುತ್ತದೆ, ತೂತು ಬೀಳುತ್ತದೆ. ಮಕ್ಕಳು ಉಣ್ಣೆಯ ದಾರ ತಂದು ಹೊಲಿಯುತ್ತಾರೆ. ಹೊಲಿದ ಜಾಗಕ್ಕೆ ಮಾತ್ರ ಮಾಯೆ ಇಲ್ಲ! ಆ ತೇಪೆಯ ಮೇಲೆ ಕೂತವರಿಗೆ ಕಷ್ಟ ಕಾದಿದೆ. ನಮ್ಮಲ್ಲಿ ಕೌದಿ ಹೊಲಿದ ಅಜ್ಜಿಯರಿಗೆ ಇದು ಬೇಗ ಅರ್ಥವಾಗುತ್ತದೆ. ನಮ್ಮ ಕೌದಿಯಲ್ಲಿ ಲೆಕ್ಕ ತಿರುಗಮುರುಗ. ತೇಪೆಯಲ್ಲೇ ಎಲ್ಲ ಇರುವುದು: ಇದು ತಾತನ ಪಂಚೆ, ಇದು ದೊಡ್ಡತ್ತೆಯ ಸೀರೆ. ನನ್ನ ಕಾದಂಬರಿಯ ಹುಡುಗಿ ಹಾಸ್ಟೆಲಿಗೆ ಒಂದು ಕೌದಿ ಒಯ್ದಿದ್ದಾಳೆ. ಯಾವ ತೇಪೆಯ ಮೇಲೆ ತಲೆಯಿಟ್ಟು ಮಲಗಿದರೆ ಏನು ಕೇಳಿಸುತ್ತದೆ ಎಂಬುದು ಏಳನೆಯ ಅಧ್ಯಾಯ. ಇದಕ್ಕಿಂತ ಹೆಚ್ಚು ಹೇಳುವುದಿಲ್ಲ.

ಎರಡನೆಯದನ್ನು ಅಜ್ಜಿ-ಮೊಮ್ಮಕ್ಕಳು ಸೇರಿಯೇ ಓದಬೇಕು. ಫಿಲಿಪಾ ಪಿಯರ್ಸ್ 1958ರಲ್ಲಿ ಬರೆದ 'ಟಾಮ್ಸ್ ಮಿಡ್‌ನೈಟ್ ಗಾರ್ಡನ್'. ತಮ್ಮನಿಗೆ ದಡಾರ ಬಂದಿದೆ ಎಂದು ಟಾಮ್‌ನನ್ನು ಚಿಕ್ಕಪ್ಪ-ಚಿಕ್ಕಮ್ಮನ ಮನೆಗೆ ಕಳಿಸುತ್ತಾರೆ. ಹಳೆಯ ದೊಡ್ಡ ಬಂಗಲೆಯನ್ನು ಪಾಲು ಮಾಡಿ ಬಾಡಿಗೆಗೆ ಕೊಟ್ಟ ಮನೆ ಅದು. ಆಡಲು ಜೊತೆಯಿಲ್ಲ, ಹೊರಗೆ ಬಿಡುವುದಿಲ್ಲ. ಕೆಳಗಿನ ಹಾಲ್‌ನಲ್ಲಿ ಎತ್ತರದ ಒಂದು ಗಡಿಯಾರ. ಒಂದು ರಾತ್ರಿ ಅದು ಹದಿಮೂರು ಗಂಟೆ ಹೊಡೆಯುತ್ತದೆ. ಟಾಮ್ ಎದ್ದು ಹೋಗಿ ಹಿಂಬಾಗಿಲು ತೆರೆಯುತ್ತಾನೆ. ಹಗಲಿನಲ್ಲಿ ಕಸದ ಡಬ್ಬಿಗಳಿರುವ ಇಕ್ಕಟ್ಟಿನ ಜಾಗ ಅದು. ರಾತ್ರಿ ಅಲ್ಲೊಂದು ವಿಶಾಲವಾದ ತೋಟ, ತೋಟದಲ್ಲೊಬ್ಬಳು ಹುಡುಗಿ. ಅವಳು ಯಾರು? ಅದನ್ನು ನಾನು ಹೇಳಿದರೆ ನೀವು ಜನ್ಮದಲ್ಲಿ ನನ್ನನ್ನು ಕ್ಷಮಿಸುವುದಿಲ್ಲ. ಮಹಡಿಯ ಮೇಲೆ ಗಡಿಯಾರದ ಒಡತಿ, ಸಿಡುಕಿನ ಮುದುಕಿಯೊಬ್ಬಳಿದ್ದಾಳೆ, ಅವಳ ಮೇಲೆ ಒಂದು ಕಣ್ಣಿಟ್ಟಿರಿ ಎಂದಷ್ಟೇ ಹೇಳುತ್ತೇನೆ. ಕೊನೆಯ ಪುಟ ಓದಿ ನಾನು ಸೆರಗಿನಲ್ಲಿ ಕಣ್ಣೊರೆಸಿಕೊಂಡೆ. ನಮ್ಮ ಯಜಮಾನರು, "ಇಂಗ್ಲಿಷ್ ಪುಸ್ತಕಕ್ಕೂ ಅಳ್ತಾರಾ?" ಎಂದು ಕೇಳಿದರು.

ಈ ಎರಡೂ ಇಂಗ್ಲಿಷಿನವು. ಇಂಗ್ಲಿಷ್ ಓದಬಲ್ಲ ಮೊಮ್ಮಕ್ಕಳು ದಿನಕ್ಕೆರಡು ಪುಟ ಓದಿ ಅಜ್ಜ-ಅಜ್ಜಿಗೆ ಕನ್ನಡದಲ್ಲಿ ಹೇಳಲಿ. ಇಷ್ಟು ವರ್ಷ ಕತೆ ಹೇಳಿದವರಿಗೆ ಈಗ ಕೇಳುವ ಸುಖವೂ ಸಿಗಲಿ.

ಹ್ಯಾರಿ ಪಾಟರ್ ಬಗ್ಗೆ ಮಕ್ಕಳಿಗೆ ನಾನು ಹೇಳಬೇಕಾದ್ದೇನಿಲ್ಲ. 1997ರಲ್ಲಿ ಬಂದ ಮೊದಲ ಪುಸ್ತಕದಲ್ಲಿ ನನಗೆ ಆ ಮಂತ್ರದ ಶಾಲೆಗಿಂತ ರೈಲ್ವೆ ಸ್ಟೇಷನ್ನೇ ಹೆಚ್ಚು ಇಷ್ಟ. ಲಂಡನ್ನಿನ ಕಿಂಗ್ಸ್ ಕ್ರಾಸ್‌ನಲ್ಲಿ ಒಂಬತ್ತೂಮುಕ್ಕಾಲನೆಯ ಪ್ಲಾಟ್‌ಫಾರಂ. ಈಗ ನಿಜವಾದ ಆ ಸ್ಟೇಷನ್ನಿನಲ್ಲಿ ಗೋಡೆಯೊಳಗೆ ಅರ್ಧ ನುಗ್ಗಿದ ತಳ್ಳುಗಾಡಿಯನ್ನು ಇಟ್ಟಿದ್ದಾರೆ, ಜನ ಸಾಲು ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಕತೆಯೊಂದು ಸ್ಟೇಷನ್ನಿಗೆ ಹೋಗಿ ಮನೆ ಮಾಡಿಕೊಂಡಿತು!

ಕನ್ನಡದಲ್ಲಿ ಮೊದಲು ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ'. ಇದನ್ನು ಹಾಡಿಕೊಂಡು ಓದಬೇಕು, ಮನಸ್ಸಿನಲ್ಲೇ ಓದಿದರೆ ಅರ್ಧ ರುಚಿ ಹೋಗುತ್ತದೆ. ಮೂಲದ ಕತೆ ಜರ್ಮನಿಯ ಹ್ಯಾಮೆಲಿನ್ ಪಟ್ಟಣದ್ದು. 1284ರಲ್ಲಿ ಅಲ್ಲಿನ 130 ಮಕ್ಕಳು ಕೊಳಲಿನವನ ಹಿಂದೆ ಹೋಗಿ ಕಾಣೆಯಾದರೆಂದು ಐತಿಹ್ಯ. ಬ್ರೌನಿಂಗ್ ಕವಿ ಇಂಗ್ಲಿಷಿನಲ್ಲಿ ಹಾಡಿದ್ದನ್ನು ಕುವೆಂಪು ತುಂಗೆಯ ದಂಡೆಗೆ ತಂದರು. ಮಕ್ಕಳು ಕಡೆಯದಾಗಿ ಹಾದುಹೋದರೆಂದು ನಂಬಿರುವ ಬೀದಿಯಲ್ಲಿ ಇವತ್ತಿಗೂ ವಾದ್ಯ ನುಡಿಸಬಾರದೆಂಬ ಪದ್ಧತಿ ಹ್ಯಾಮೆಲಿನ್‌ನಲ್ಲಿದೆ. ಮದುವೆ ದಿಬ್ಬಣವೇ ಬಂದರೂ ಆ ಬೀದಿಯಲ್ಲಿ ಬಾಜಾ ಬಜಂತ್ರಿ ನಿಲ್ಲಬೇಕು. ಒಂದು ಊರು ಕತೆಗೆ ಕೊಡುವ ಮರ್ಯಾದೆ ನೋಡಿ.

ನಾ. ಕಸ್ತೂರಿಯವರ 'ಪಾತಾಳದಲ್ಲಿ ಪಾಪಚ್ಚಿ' ಎಲ್ಲಾದರೂ ಸಿಕ್ಕರೆ ಬಿಡಬೇಡಿ. 1865ರ 'ಆಲಿಸ್' ಕತೆಯನ್ನು ಅವರು ಕನ್ನಡದ ಅಂಗಳಕ್ಕೆ ಇಳಿಸಿದ ರೀತಿ ಅದು. ಪೇಟೆ ಮಾಯಕ್ಕೆ ನೇರವಾಗಿ ಸೇರುವುದಿಲ್ಲ, ಆದರೂ ಪಾಪಚ್ಚಿ ಎಂಬ ಹೆಸರಿಗೇ ಅರ್ಧ ಅಂಕ. ಕೇರಳದಲ್ಲಿ ಹುಟ್ಟಿ ಬಂದವರು ಕನ್ನಡದಲ್ಲಿ ಹೀಗೆ ನಗಿಸಿದರು ಎಂಬುದೇ ಒಂದು ಮಾಯೆ.

ಪುಸ್ತಕವೇ ಇಲ್ಲದ ಒಂದು ಪೇಟೆ ಮಾಯವೂ ನಮ್ಮಲ್ಲಿದೆ. ಅಜ್ಜ-ಅಜ್ಜಿಯರೇ, ಅಪ್ಪ-ಅಮ್ಮಂದಿರೇ, 1990ರ ದಶಕದಲ್ಲಿ ಬೆಂಗಳೂರಿನಿಂದ ಹಿಡಿದು ಎಷ್ಟೋ ಊರಿನ ಬಾಗಿಲುಗಳ ಮೇಲೆ 'ನಾಳೆ ಬಾ' ಎಂದು ಬರೆದಿದ್ದುದು ನೆನಪಿದೆಯೇ? ರಾತ್ರಿ ದೆವ್ವವೊಂದು ಮನೆಯವರದೇ ದನಿಯಲ್ಲಿ ಬಾಗಿಲು ಬಡಿಯುತ್ತದೆ. 'ನಾಳೆ ಬಾ' ಎಂದು ಬರೆದಿದ್ದರೆ ಓದಿಕೊಂಡು ಹೋಗುತ್ತದೆ, ಮಾರನೆಯ ದಿನ ಬಂದು ಮತ್ತೆ ಅದನ್ನೇ ಓದಿ ಮತ್ತೆ ಹೋಗುತ್ತದೆ. ಒಂದು ಸುಣ್ಣದಕಡ್ಡಿಯ ಚೂರಿನಿಂದ ದೆವ್ವವನ್ನು ಜೀವಮಾನವಿಡೀ ಮುಂದೂಡಿದ ಜನ ನಾವು! ನಾನು ಕನ್ನಡ ಮೇಷ್ಟ್ರಗಿತ್ತಿಯಾದ್ದರಿಂದ ನನಗೆ ಇನ್ನೊಂದು ಖುಷಿ: ಆ ದೆವ್ವಕ್ಕೆ ಕನ್ನಡ ಓದಲು ಬರುತ್ತಿತ್ತು, ಹೇಳಿದ ಮಾತು ಕೇಳುವ ವಿಧೇಯತೆಯೂ ಇತ್ತು. ಮನೆಯ ಹಿರಿಯರನ್ನು ಕೇಳಿ, ಆಗ ತಮ್ಮ ಬೀದಿಯಲ್ಲಿ ಏನಾಯಿತೆಂದು ಅವರು ಹೇಳಲಿ. ಭಯ ಹರಡುವುದು ಹೇಗೆ, ನಗು ಅದನ್ನು ಕರಗಿಸುವುದು ಹೇಗೆ ಎರಡೂ ಆ ಕತೆಯಲ್ಲಿವೆ.

ದೊಡ್ಡವರಿಗೆಂದೇ ಒಂದು ಹೆಸರು: ಶಿವರಾಮ ಕಾರಂತರ 'ಮೂಕಜ್ಜಿಯ ಕನಸುಗಳು'. 1968ರ ಕಾದಂಬರಿ, ಕಾರಂತರಿಗೆ 1977ರ ಜ್ಞಾನಪೀಠ ತಂದದ್ದು. ಅದರ ಅಜ್ಜಿ ಒಂದು ವಸ್ತುವನ್ನು ಮುಟ್ಟಿದರೆ ಅದರ ಹಿಂದಿನದೆಲ್ಲ ಅವಳಿಗೆ ಕಾಣುತ್ತದೆ. ಪೇಟೆಯೇನೂ ಇಲ್ಲ, ಮಾಯಾಕತೆ ಎಂದರೆ ಪಂಡಿತರು ಒಪ್ಪುವುದೂ ಇಲ್ಲ. ಆದರೆ ದಾವಣಗೆರೆಯ ಗೋಡೆಗಳನ್ನು ನನ್ನ ಹುಡುಗಿ ಹೇಗೆ ಮುಟ್ಟಬೇಕು ಎಂದು ನಾನು ಕಲಿಯುತ್ತಿರುವುದು ಆ ಅಜ್ಜಿಯಿಂದ.

ಆ ಗೋಡೆಗಳೂ ಸಾಮಾನ್ಯವಲ್ಲ. ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನ್ನಿಸಿಕೊಂಡ ಊರು ಅದು. ಪಾಳಿಯ ಸೈರನ್ ಕೇಳಿ ಅಡುಗೆ ಒಲೆ ಹಚ್ಚಿದವರು ಇನ್ನೂ ಇದ್ದಾರೆ. ಮಂಡಕ್ಕಿ ಭಟ್ಟಿಗಳ ಕಡೆ ಹೋದರೆ ಕಾದ ಮರಳಿನಲ್ಲಿ ಅಕ್ಕಿ ಒಮ್ಮೆಗೇ ಅರಳುವುದನ್ನು ನೋಡಬಹುದು. ಇದಕ್ಕಿಂತ ದೊಡ್ಡ ಇಂದ್ರಜಾಲ ನನಗೆ ಗೊತ್ತಿಲ್ಲ. ಎರಡು ವರ್ಷಕ್ಕೊಮ್ಮೆ ಜಾತ್ರೆ ನಡೆಯುವ ದುಗ್ಗಮ್ಮನನ್ನು ಅಲ್ಲಿನವರು ನಗರದೇವತೆ ಎನ್ನುತ್ತಾರೆ. ನಗರವನ್ನು ಕಾಯಲು ಒಬ್ಬಳಿದ್ದಾಳೆ ಎಂಬ ಭಾವನೆ ನಮಗೆ ಹೊಸದಲ್ಲ. ಇತ್ತ ಚಿತ್ರದುರ್ಗದ ಕೋಟೆಗೆ ಶಾಲಾ ಪ್ರವಾಸ ಹೋದ ಮಕ್ಕಳು ಹಿಡಿಂಬೇಶ್ವರನ ಗುಡಿ ನೋಡಿರುತ್ತೀರಿ. 1997ರಲ್ಲಿ ದಾವಣಗೆರೆ ಜಿಲ್ಲೆಯಾಗುವ ತನಕ ನಾವೂ ದುರ್ಗದ ಜಿಲ್ಲೆಯವರೇ, ಹಾಗಾಗಿ ಹಿಡಿಂಬ ರಾಕ್ಷಸ ನಮಗೆ ಹಳೆಯ ನೆಂಟ.

"ಎಲ್ಲಾ ಸರಿ, ನಿನ್ನ ಮಿಲ್ಲಿನ ದೆವ್ವಕ್ಕೆ ಸಂಬಳ ಯಾರು ಕೊಡ್ತಾರೆ?" ಎಂದು ಯಜಮಾನರು ಮೊನ್ನೆ ಕೇಳಿದರು. ಚೇಷ್ಟೆಗೆ ಕೇಳಿದ್ದು, ಆದರೆ ನಾನು ಸಿಕ್ಕಿಹಾಕಿಕೊಂಡಿದ್ದ ಗಂಟು ಅಲ್ಲೇ ಇತ್ತು. ಮಿಲ್ಲು ಮುಚ್ಚಿದಾಗ ಬಾಕಿ ಉಳಿದ ಕೂಲಿಗಾಗಿ ಮಗ್ಗಗಳು ಇನ್ನೂ ನಡೆಯುತ್ತಿವೆಯೇ? ಹಾಗಾದರೆ ರಾತ್ರಿಯೆಲ್ಲ ನೇಯ್ದ ಬಟ್ಟೆ ಎಲ್ಲಿಗೆ ಹೋಗುತ್ತದೆ? ಅಂದು ಮಧ್ಯಾಹ್ನ ಕರೆಂಟು ಹೋಗಿ ಫ್ಯಾನು ನಿಂತದ್ದೂ ಗೊತ್ತಾಗದಂತೆ ನಾಲ್ಕು ಪುಟ ಬರೆದೆ.

ಮೊಮ್ಮಗಳು ಈಗ ಭಾನುವಾರಕ್ಕೊಮ್ಮೆ ಫೋನ್ ಮಾಡುತ್ತಾಳೆ. ಹೋದ ವಾರ ಬಹಳ ಸಡಗರದಲ್ಲಿದ್ದಳು. ಹಾಸ್ಟೆಲಿನ ತಾರಸಿಯ ಮೇಲಿನ ನೀರಿನ ಟ್ಯಾಂಕಿನಲ್ಲಿ ಒಬ್ಬಳು ವಾಸವಾಗಿದ್ದಾಳಂತೆ. ನಲ್ಲಿ ಸರಿಯಾಗಿ ನಿಲ್ಲಿಸದವರ ಹೆಸರು ಹಿಡಿದು ರಾತ್ರಿ ಕರೆಯುತ್ತಾಳಂತೆ. ಹರಪನಹಳ್ಳಿಯ ಒಬ್ಬಳು, ಹೊನ್ನಾಳಿಯ ಇಬ್ಬರು, ಇವಳು, ನಾಲ್ವರೂ ಸೇರಿ ಕಂಡುಹಿಡಿದದ್ದು. ಅವಳಿಗೆ ಹೆಸರೂ ಇಟ್ಟಿದ್ದಾರೆ.

"ಏನೆ ಹೆಸರು?" ಎಂದೆ, ಪೆನ್ನು ಕೈಗೆ ತೆಗೆದುಕೊಂಡು.

"ಹೇಳಾಕಿಲ್ಲ ಅಜ್ಜಿ. ನೀನು ನಿನ್ನ ಕಾದಂಬರೀಲಿ ಹಾಕ್ಕೊಂಡ್ಬಿಡ್ತೀಯ."