ಶಿವಾಜಿನಗರದಲ್ಲಿ ಹಿಮದ ಲೆಕ್ಕ

ಬೆಂಗಳೂರಿನ ಶಿವಾಜಿನಗರದ ಗುಜರಿ ಅಂಗಡಿಯೊಂದರ ಮುಂದೆ ಹಳೆಯ ಜಿಪ್ಸಿಯ ಮುಂದಿನ ಹಬ್ ಬಿದ್ದಿದೆ. ಅದರ ನಡುವೆ ಕೈಯಲ್ಲಿ ತಿರುಗಿಸುವ ಗುಂಡಿ, ಒಂದು ಕಡೆ ‘ಫ್ರೀ’, ಇನ್ನೊಂದು ಕಡೆ ‘ಲಾಕ್’. ಡ್ರೈವರ್ ಕೆಳಗಿಳಿದು ಎರಡೂ ಮುಂಚಕ್ರಗಳ ಗುಂಡಿ ತಿರುಗಿಸಿ, ಮತ್ತೆ ಒಳಗೆ ಹತ್ತಿ ಚಿಕ್ಕ ಗೇರ್ ರಾಡ್ ಎಳೆದರೇನೇ ಫೋರ್ ಬೈ ಫೋರ್. ಪಕ್ಕದ ಡಬ್ಬಿಯಲ್ಲಿ ಎಬಿಎಸ್ ಸೆನ್ಸರುಗಳು, ಹೆಬ್ಬೆರಳಿನಷ್ಟು ಗಾತ್ರ, ಹಿಂದೆ ಮಾರುದ್ದ ವೈರು. ಯಾವ ಚಕ್ರ ಸುಮ್ಮನೆ ಗಿರಗಿರ ತಿರುಗುತ್ತಿದೆ ಎಂದು ಟ್ರಾಕ್ಷನ್ ಕಂಟ್ರೋಲ್‌ಗೆ ತಿಳಿಯುವುದು ಇವುಗಳಿಂದ. ಎರಡನ್ನೂ ಕೈಯಲ್ಲಿ ಹಿಡಿದು ನೋಡಿದೆ. ಹಿಮದಲ್ಲಿ ಯಾವುದನ್ನು ನಂಬುವುದು?

ಪ್ರಶ್ನೆ ಮಾಂಟ್ರಿಯಲ್‌ನಲ್ಲಿರುವ ಅಕ್ಕನ ಮಗನದು. ಅವನ ಕೈಯಲ್ಲಿರುವ ದುಡ್ಡಿಗೆ ಟ್ರಾಕ್ಷನ್ ಕಂಟ್ರೋಲ್ ಇರುವ ಹೊಸ ಮುಂಚಕ್ರದ ಕಾರು ಬರುತ್ತದೆ, ಇಲ್ಲವೇ ನಾಲ್ಕೂ ಚಕ್ರ ಎಳೆಯುವ ಹಳೆಯ ಗಾಡಿ.

ಎಂಜಿನ್ನಿನ ಬಲವನ್ನು ಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್ಲಿನ ಸ್ವಭಾವ ವಿಚಿತ್ರ. ಎರಡೂ ಕಡೆಯ ಚಕ್ರಕ್ಕೆ ಅದು ಸಮನಾದ ಬಲವನ್ನೇ ಕೊಡುತ್ತದೆ. ಹಾಗಾಗಿ ಒಂದು ಚಕ್ರ ಮಂಜುಗಡ್ಡೆಯ ಮೇಲೆ ಜಾರಿದರೆ, ಗಟ್ಟಿ ನೆಲದ ಮೇಲಿರುವ ಇನ್ನೊಂದಕ್ಕೂ ಅಷ್ಟೇ ಅಲ್ಪ ಬಲ. ಟ್ರಾಕ್ಷನ್ ಕಂಟ್ರೋಲ್ ಜಾರುವ ಚಕ್ರಕ್ಕೆ ಬ್ರೇಕ್ ಹಿಡಿಯುತ್ತದೆ, ಆಗ ಇನ್ನೊಂದಕ್ಕೂ ಎಳೆಯುವ ಶಕ್ತಿ ಸಿಗುತ್ತದೆ. ಇಲ್ಲವೇ ಎಂಜಿನ್ನಿನ ಬಲವನ್ನೇ ತಗ್ಗಿಸುತ್ತದೆ. ಆದರೆ ಆಳವಾದ ಹಿಮದಲ್ಲಿ ಗಾಡಿ ಹೂತರೆ ಅದನ್ನು ಆಫ್ ಮಾಡಿ ಎಂದು ಎಷ್ಟೋ ಕಾರುಗಳ ಮ್ಯಾನುವಲ್ಲೇ ಹೇಳುತ್ತದೆ. ಎಂಜಿನ್ ತಗ್ಗಿದರೆ ಚಕ್ರ ಹಿಮವನ್ನು ಕೆದರಿಕೊಂಡು ಆಚೆ ಬರಲಾರದು. ಕಷ್ಟಕ್ಕೆಂದು ಕೊಟ್ಟ ಸಾಧನವನ್ನು ಕಷ್ಟದ ತುದಿಯಲ್ಲಿ ಆಫ್ ಮಾಡಬೇಕು ಎಂಬುದನ್ನು ಅರಗಿಸಿಕೊಳ್ಳಲು ನನಗೆ ಹೊತ್ತು ಹಿಡಿಯಿತು.

ಅಂಗಡಿಯ ಭಾಯ್‌ಗೆ ಕೇಳಿದೆ. “ಏರು ಹತ್ತಕ್ಕೆ ಜಿಪ್ಸಿ ಚೆನ್ನಾಗಿದೆ ಸಾರ್. ನಿಲ್ಸಕ್ಕೆ ಅಂದ್ರೆ ಟಯರ್ ನೋಡ್ಬೇಕು,” ಎಂದರು. ಹಿಮ ಅವರೂ ನೋಡಿಲ್ಲ, ನಾನೂ ನೋಡಿಲ್ಲ. ಮಾತು ಮಾತ್ರ ಸರಿಯಾಗಿದೆ.

ಮನೆಗೆ ಬಂದು ಲೆಕ್ಕ ಹಾಕಿದೆ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಬ್ರೇಕ್ ಒತ್ತಿದರೆ ಒಣ ಡಾಂಬರಿನ ಮೇಲೆ ಸುಮಾರು 14 ಮೀಟರಿಗೆ ಗಾಡಿ ನಿಲ್ಲುತ್ತದೆ. ತುಳಿದು ಗಟ್ಟಿಯಾದ ಹಿಮದ ಮೇಲೆ ಅದು 50 ಮೀಟರಿನ ಹತ್ತಿರ, ಬರೀ ಮಂಜುಗಡ್ಡೆಯಾದರೆ ನೂರರ ಹತ್ತಿರ. ಈ ಲೆಕ್ಕದಲ್ಲಿ ಎಷ್ಟು ಚಕ್ರ ಎಳೆಯುತ್ತವೆ ಎಂಬುದಕ್ಕೆ ಜಾಗವೇ ಇಲ್ಲ. ಬ್ರೇಕ್ ಎಲ್ಲ ಕಾರಿಗೂ ನಾಲ್ಕು ಚಕ್ರಕ್ಕೇ ಇರುವುದು.

ನನ್ನನ್ನು ಹೆಚ್ಚು ಕಾಡಿದ್ದು ಬೇರೆ. ಹಿಮ ಸುರಿದ ದಿನಗಳಲ್ಲಿ ಮನಾಲಿಯಿಂದ ಸೋಲಂಗ್ ಮತ್ತು ಅಟಲ್ ಸುರಂಗದ ಕಡೆಗೆ ಪೊಲೀಸರು ಫೋರ್ ಬೈ ಫೋರ್ ಗಾಡಿಗಳನ್ನೋ, ಚೈನು ಕಟ್ಟಿದ ಗಾಡಿಗಳನ್ನೋ ಮಾತ್ರ ಬಿಡುತ್ತಾರೆ. ಮಾಂಟ್ರಿಯಲ್ ಇರುವ ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ 2008ರಿಂದ ಚಳಿಗಾಲದ ಟಯರ್ ಕಡ್ಡಾಯ, ಈಗ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ. ನಾಲ್ಕೂ ಚಕ್ರ ಎಳೆಯುವ ಕಾರಿಗೂ ವಿನಾಯಿತಿಯಿಲ್ಲ. ಅದೇ ಹಿಮ. ಒಬ್ಬರು ಕೇಳುವುದು ಯಾವ ಚಕ್ರ ಎಳೆಯುತ್ತದೆ ಎಂದು, ಇನ್ನೊಬ್ಬರು ಚಕ್ರಕ್ಕೆ ಏನು ತೊಡಿಸಿದ್ದೀರಿ ಎಂದು. ನನಗೆ ತೋಚುವ ಕಾರಣ ಇದು: ಮನಾಲಿಯಲ್ಲಿ ಒಂದು ಟ್ಯಾಕ್ಸಿ ಏರಿನಲ್ಲಿ ಸಿಕ್ಕಿಕೊಂಡರೆ ಹಿಂದೆ ಕಿಲೋಮೀಟರ್‌ಗಟ್ಟಲೆ ಸಾಲು ನಿಲ್ಲುತ್ತದೆ, ಪೊಲೀಸರಿಗೆ ಗಾಡಿ ಚಲಿಸುವುದೇ ಮುಖ್ಯ. ಮಾಂಟ್ರಿಯಲ್‌ನಲ್ಲಿ ಚಳಿಗಾಲವಿಡೀ ಆಫೀಸಿಗೆ ಹೋಗಿ ಬರುವ ಊರಿಗೆ ಊರೇ ಸಿಗ್ನಲ್ಲಿನಲ್ಲಿ ನಿಲ್ಲಬೇಕು.

ಬೆಂಗಳೂರಿನಿಂದ ಥಾರ್ ಹತ್ತಿ ಹಿಮ ನೋಡಲು ಹೊರಡುವ ಹುಡುಗರನ್ನು ನೆನೆದರೆ ಭಯವಾಗುತ್ತದೆ. 2023ರ ಜನವರಿಯಿಂದ ಥಾರ್ ಹಿಂಚಕ್ರ ಮಾತ್ರ ಎಳೆಯುವ ಮಾದರಿಯಲ್ಲೂ ಸಿಗುತ್ತದೆ, ಮುಖ ನೋಡಿ ಫೋರ್ ಬೈ ಫೋರ್ ಎನ್ನುವ ಹಾಗಿಲ್ಲ. ನಿಜವಾದ ಫೋರ್ ಬೈ ಫೋರ್ ಇದ್ದರೂ, ಅಡಿಯಲ್ಲಿರುವುದು ನಮ್ಮ ಬಿಸಿಲಿಗೆ ಮಾಡಿದ ರಬ್ಬರು. ಏಳು ಡಿಗ್ರಿಗಿಂತ ಕೆಳಗೆ ಅದು ಗಡುಸಾಗಿ, ಹಿಡಿತ ಬಿಡತೊಡಗುತ್ತದೆ. ಹತ್ತುವಾಗ ನಾಲ್ಕು ಚಕ್ರ ಕೊಟ್ಟ ಧೈರ್ಯ ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ ಯಾವ ಉಪಯೋಗಕ್ಕೂ ಬಾರದು. ಮಲೆನಾಡಿನ ಜೀಪಿನವರಿಗೆ ಇದು ಗೊತ್ತು. ಮಳೆಗಾಲದ ಕೆಸರಿನ ತೋಟದ ದಾರಿಗೆ ಫೋರ್ ಬೈ ಫೋರ್ ಇದ್ದರೂ ಚಕ್ರಕ್ಕೆ ಚೈನು ಕಟ್ಟುವುದುಂಟು.

ಅಕ್ಕನ ಮಗನಿಗೆ ಬರೆದೆ: ಮುಂಚಕ್ರದ ಕಾರೇ ಸಾಕು, ಉಳಿದ ದುಡ್ಡಿಗೆ ಒಳ್ಳೆಯ ಚಳಿಗಾಲದ ಟಯರ್ ನಾಲ್ಕಕ್ಕೆ ನಾಲ್ಕೂ ಹಾಕಿಸು. ಮುಂದಕ್ಕೆ ಎರಡೇ ಹಾಕಿಸಿದರೆ ತಿರುವಿನಲ್ಲಿ ಹಿಂಭಾಗ ಜಾರುತ್ತದೆ. ಆದರೆ ಮನೆಯ ಮುಂದಿನ ಬೀದಿ ಕಡಿದಾದ ಏರಾಗಿದ್ದು, ಹಿಮ ತೆಗೆಯುವ ಗಾಡಿ ತಡವಾಗಿ ಬರುವುದಾದರೆ ನನ್ನ ಸಲಹೆ ಬದಲಾಗುತ್ತದೆ. ಬೀದಿಯ ಫೋಟೋ ಕಳಿಸು ಎಂದಿದ್ದೇನೆ.