ನಮ್ಮ ಮನೆಯ ಇಲಿಗಳು

ಇಲಿಯ ವಿಷಯವಾಗಿ ಬರೆಯಲು ಕುಳಿತಿದ್ದೇನೆಂದು ಹೇಳಿದಾಗ ನನ್ನ ಸಹೋದ್ಯೋಗಿಯೊಬ್ಬರು ನಕ್ಕು, "ಗುರೂಜಿ, ಬೇರೆ ವಿಷಯ ಸಿಗಲಿಲ್ಲೇನ್ರಿ?" ಎಂದರು. ಸಾಕ್ಷಾತ್ ವಿಘ್ನೇಶ್ವರನನ್ನು ಹೊತ್ತು ತಿರುಗುವ ಪ್ರಾಣಿಯನ್ನು ಅಷ್ಟು ಹಗುರವಾಗಿ ಕಾಣಬಾರದೆಂದು ನಾನೂ ನಗುತ್ತಲೇ ಉತ್ತರವಿತ್ತೆ. ಆದರೆ ಈ ಬರಹದ ನಿಜವಾದ ಕಾರಣ ನಗುವಂಥದಲ್ಲ.

2019ರ ಆಗಸ್ಟ್ ತಿಂಗಳಲ್ಲಿ ಪಂಚಗಂಗೆಗೆ ಬಂದ ಮಹಾಪೂರವನ್ನು ನಮ್ಮ ಭಾಗದವರಾರೂ ಮರೆತಿರಲಾರರು. ಸೇತುವೆಯ ದೆಸೆಯಿಂದ ಮರಾಠಿಯಲ್ಲಿ 'ಪುಲಾಚಿ ಶಿರೋಲಿ' ಎನಿಸಿಕೊಂಡಿರುವ ನಮ್ಮ ಶಿರೋಳಿಯ ಬಳಿ ಪುಣೆ-ಬೆಂಗಳೂರು ಹೆದ್ದಾರಿಯ ಮೇಲೆಯೇ ನೀರು ಹರಿದು, ಕೆಲವು ದಿನಗಳವರೆಗೆ ವಾಹನ ಸಂಚಾರ ನಿಂತುಹೋಗಿತ್ತು. ನಾವಿದ್ದ ಹಂಚಿನ ಮನೆ ತುಸು ಎತ್ತರದಲ್ಲಿದ್ದುದರಿಂದ ನೀರು ನಮ್ಮ ಹೊಸ್ತಿಲಿಗೆ ಬರಲಿಲ್ಲ. ಅದರ ಬದಲು ಇಲಿಗಳು ಬಂದವು. ಕಬ್ಬಿನ ಹೊಲಗಳೂ ಬಿಲಗಳೂ ಮುಳುಗಿದ ಮೇಲೆ ಅವಾದರೂ ಎಲ್ಲಿಗೆ ಹೋಗಬೇಕು? ರಾತ್ರಿಯಾಯಿತೆಂದರೆ ಜಂತಿಯ ಮೇಲೆ ಅವುಗಳ ಓಟ ಆರಂಭವಾಗುತ್ತಿತ್ತು. ಜೋಳದ ಚೀಲ ತೂತಾಯಿತು. ನಮ್ಮ ತಂದೆಯವರು ಜತನದಿಂದ ಕಾಯ್ದಿಟ್ಟಿದ್ದ ಕನ್ನಡ ಪುಸ್ತಕಗಳ ಪೆಟ್ಟಿಗೆಯಲ್ಲಿ ಒಂದು ದಿನ ಕಾಗದದ ಚೂರುಗಳ ಗೂಡೂ, ಅದರಲ್ಲಿ ಕಣ್ಣು ತೆರೆಯದ ಆರು ಮರಿಗಳೂ ಕಂಡವು.

ಸಿಟ್ಟಿನಲ್ಲಿ ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಪೇಟೆಯಿಂದ ಇಲಿಪಾಷಾಣದ ಬಿಲ್ಲೆಗಳನ್ನು ತಂದು ಕಪಾಟಿನ ಕೆಳಗೆ, ಒಲೆಯ ಹಿಂದೆ ಇಟ್ಟೆ. ಮೂರನೆಯ ದಿನ ಮುಂಜಾನೆ ನಮ್ಮ ಮೂರು ವರ್ಷದ ಮಗಳು ನನ್ನ ಮುಂದೆ ಬಂದು ಮುಷ್ಟಿ ತೆರೆದು, "ಅಪ್ಪಾ, ಮಿಠಾಯಿ" ಎಂದಳು. ಅಂಗೈಯಲ್ಲಿ ಆ ಬಿಲ್ಲೆಯಿತ್ತು. ಅವಳ ಬಾಯಿ ತೆರೆಸಿ ನೋಡಿದೆವು, ಕೈ ತೊಳೆದೆವು, ಬಿಲ್ಲೆಗಳನ್ನು ಎಣಿಸಿದೆವು; ದವಾಖಾನೆಗೂ ಓಡಿದೆವು. ಅವಳು ತಿಂದಿರಲಿಲ್ಲ. ಆದರೆ ಅಂದು ನಾನು ತರಗತಿಯಲ್ಲಿ ಏನು ಕಲಿಸಿದೆನೆಂಬುದು ನನಗೆ ಇಂದಿಗೂ ನೆನಪಿಲ್ಲ. ಹಳದಿ ರಂಜಕದ ಪಾಷಾಣ ಯಕೃತ್ತನ್ನು ಕೆಡಿಸುತ್ತದೆ, ಅದಕ್ಕೆ ಪ್ರತಿವಿಷವೇ ಇಲ್ಲವೆಂದು ಆಮೇಲೆ ತಿಳಿಯಿತು. ಪಾಷಾಣ ತಿಂದ ಇಲಿಯನ್ನು ತಿಂದು ಬೆಕ್ಕು ಗೂಬೆಗಳೂ ಸಾಯಬಲ್ಲವು. ಅಂದರೆ ಇಲಿಯ ವೈರಿಗಳನ್ನೇ ನಾವು ಕೊಂದಂತಾಗುತ್ತದೆ. ಬೋನು ತಂದು ಇಡೋಣವೆಂದರೆ, ಹುಡುಗಿಯ ಬೆರಳುಗಳ ಚಿಂತೆ. ಹೀಗಾಗಿ ಪಾಷಾಣವೂ ಬೇಡ, ಬೋನೂ ಬೇಡ ಎಂದು ನಿರ್ಧರಿಸಿದೆವು.

ಆಗ ನಮ್ಮ ಅಜ್ಜಿ ತನ್ನ ತಾಯಿಯಿಂದ ಕೇಳಿ ಹೇಳುತ್ತಿದ್ದ ಪ್ಲೇಗಿನ ಕಥೆ ನೆನಪಾಯಿತು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಆ ಬೇನೆ ಮುಂದೆ ನಮ್ಮ ಕಡೆಗೂ ಹಬ್ಬಿತು. "ಇಲಿ ಬಿತ್ತು" ಎಂಬ ಮಾತು ಕಿವಿಗೆ ಬಿದ್ದೊಡನೆ ಜನರು ಮನೆಮಾರು ಬಿಟ್ಟು ಹೊಲಗಳಲ್ಲಿ ಗುಡಿಸಲು ಕಟ್ಟಿಕೊಂಡು ಇರುತ್ತಿದ್ದರಂತೆ. ಇಲಿಯ ಮೈಮೇಲಿನ ಚಿಗಟವೇ ಈ ರೋಗವನ್ನು ಹರಡುತ್ತದೆಂದು ಪಾಲ್ ಲೂಯಿ ಸಿಮೊಂ ಎಂಬ ಫ್ರೆಂಚ್ ವೈದ್ಯರು 1898ರಲ್ಲಿ ಕರಾಚಿಯಲ್ಲಿ ಪ್ರಯೋಗದಿಂದ ತೋರಿಸಿದರು. ಇಲಿ ಸತ್ತು ತಣ್ಣಗಾದೊಡನೆ ಚಿಗಟ ಬೇರೊಂದು ಬಿಸಿರಕ್ತವನ್ನು ಹುಡುಕುತ್ತ ಹೊರಡುತ್ತದೆ. ಆದುದರಿಂದ ಪ್ಲೇಗಿನ ಕಾಲದಲ್ಲಿ ಚಿಗಟವನ್ನು ನಾಶಮಾಡದೆ ಇಲಿಗಳನ್ನಷ್ಟೇ ಕೊಲ್ಲುವುದು ಅಪಾಯವೆಂದು ಬಲ್ಲವರು ಹೇಳುತ್ತಾರೆ. ಪೂರ ಇಳಿದ ಮೇಲೆ ಬರುವ ಇಲಿಜ್ವರವೂ ಅಂಥದೇ. ಇಲಿಯ ಮೂತ್ರ ಬೆರೆತ ನೀರಿನಿಂದ, ಕಾಲಿನ ಚಿಕ್ಕ ಗಾಯದ ಮೂಲಕ ಮೈಯನ್ನು ಸೇರುತ್ತದೆ. ಇಲಿಯನ್ನು ಕೊಂದ ಮಾತ್ರಕ್ಕೆ ನೆಲ ಶುದ್ಧವಾಗದು. ಅದು ಒಳಗೆ ಬಾರದಂತಿರುವುದೇ ಮೇಲು.

ಕೊಲ್ಲುವುದರಿಂದ ಇಲಿಗಳು ಮುಗಿಯುವುದೂ ಇಲ್ಲ. ಹೆಣ್ಣಿಲಿ ಮೂರು ವಾರಗಳಲ್ಲಿ ಮರಿ ಹಾಕುತ್ತದೆ. ಆ ಮರಿಗಳು ಎರಡು ಮೂರು ತಿಂಗಳಲ್ಲಿ ತಾವೇ ತಾಯಂದಿರಾಗುತ್ತವೆ. ಹತ್ತರಲ್ಲಿ ಐದು ಸತ್ತರೆ ಉಳಿದ ಐದಕ್ಕೆ ಅನ್ನ ಇಮ್ಮಡಿಯಾಯಿತು, ಅಷ್ಟೆ. ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ 1940ರ ದಶಕದಲ್ಲಿ ವಿಜ್ಞಾನಿಗಳು ಇದನ್ನೇ ಕಂಡರು: ಪಾಷಾಣವಿಟ್ಟ ಬೀದಿಗಳಲ್ಲಿ ಇಲಿಗಳು ಕೆಲಕಾಲದ ಮೇಲೆ ಮೊದಲಿನಷ್ಟೇ ಆದವು, ಕಸವನ್ನೂ ಅಡಗುದಾಣಗಳನ್ನೂ ತೆಗೆದ ಬೀದಿಗಳಲ್ಲಿ ಕಡಿಮೆಯಾಗಿಯೇ ಉಳಿದವು. ಇಲಿಗೆ ಬೇಕಾದವು ಮೂರೇ: ತಿನ್ನಲು ಅನ್ನ, ಅಡಗಲು ಮರೆ, ಬರಲು ದಾರಿ. ಈ ಮೂರನ್ನು ಕೊಡದಿದ್ದರೆ ಅದು ತಾನಾಗಿ ಬೇರೆಡೆಗೆ ಹೋಗುತ್ತದೆ.

ನಮ್ಮ ಕೆಲಸ ಆರಂಭವಾದುದು ಸೀಮೆಸುಣ್ಣದಿಂದ. ಮಲಗುವ ಮುನ್ನ ಗೋಡೆಯ ಬುಡದಲ್ಲಿ ಸೀಮೆಸುಣ್ಣದ ಪುಡಿಯನ್ನು ತೆಳ್ಳಗೆ ಉದುರಿಸಿದೆ. ಮುಂಜಾನೆ ಅದರ ಮೇಲೆ ಹೆಜ್ಜೆಗಳು, ನಡುವೆ ಬಾಲ ಎಳೆದ ಗೆರೆ. ಬಚ್ಚಲ ಮೋರಿಯಿಂದ ಹೊರಟು ಗೋಡೆಯ ಮಗ್ಗುಲಲ್ಲೇ ಅಡಿಗೆಮನೆಗೆ ಹೋದ ದಾರಿ ನಕಾಶೆಯಂತೆ ಕಂಡಿತು. ಇಲಿ ಬಯಲಲ್ಲಿ ಓಡಾಡದು, ಗೋಡೆಗೆ ಮೈಯುಜ್ಜಿಕೊಂಡೇ ನಡೆಯುತ್ತದೆ. ಪೆನ್ಸಿಲು ತೂರುವ ಸಂದಿಯಲ್ಲಿ ಸಣ್ಣ ಇಲಿಯೂ, ಹೆಬ್ಬೆರಳು ತೂರುವ ಸಂದಿಯಲ್ಲಿ ದೊಡ್ಡ ಇಲಿಯೂ ನುಸುಳಬಲ್ಲವೆಂದು ಓದಿದ್ದೆ. ಪೆನ್ಸಿಲು ಹಿಡಿದು ಮನೆಯನ್ನೆಲ್ಲ ಸುತ್ತಿದಾಗ ಇಪ್ಪತ್ತಮೂರು ತೂತುಗಳು ಸಿಕ್ಕವು! ಬಾಗಿಲು ಹಾಕಿ ಬೀಗ ಜಡಿದು ನಿಶ್ಚಿಂತೆಯಿಂದ ಮಲಗುತ್ತಿದ್ದ ನಾನು ಇಪ್ಪತ್ತಮೂರು ಬಾಗಿಲುಗಳನ್ನು ತೆರೆದಿಟ್ಟಿದ್ದೆ.

ಮೊದಲು ಅನ್ನವನ್ನು ನಿಲ್ಲಿಸಿದೆವು. ಜೋಳ, ಬೇಳೆಗಳು ತಗಡಿನ ಡಬ್ಬಿಗಳನ್ನು ಸೇರಿದವು. ಡಬ್ಬಿಗಳು ಗೋಡೆಯಿಂದ ಗೇಣು ದೂರ, ಮಣೆಯ ಮೇಲೆ ಕುಳಿತವು. ರೊಟ್ಟಿಯ ಬುಟ್ಟಿಗೆ ಅಜ್ಜಿಯ ಕಾಲದ ನೆಲುವು ಮರಳಿ ಬಂತು. ಮುಸುರೆ ಪಾತ್ರೆಯನ್ನು ರಾತ್ರಿಯೇ ತೊಳೆಯತೊಡಗಿದೆವು. ಆ ಪಾಳಿ ನನ್ನದಾಯಿತು. ಕಟ್ಟಿಗೆ, ಕುಳ್ಳುಗಳನ್ನು ಗೋಡೆಯಿಂದ ಸರಿಸಿ ಕಲ್ಲಿನ ಮೇಲೆ ಒಟ್ಟಿದೆವು. ಹಂಚಿಗೆ ತಾಗುತ್ತಿದ್ದ ನುಗ್ಗೆಯ ಕೊಂಬೆ ಕಡಿದೆವು. ಆಮೇಲೆ ತೂತುಗಳಿಗೆಲ್ಲ ಕಾಗದ ತುರುಕಿದೆ. ಕಾಗದ ಕದಲದ ತೂತುಗಳನ್ನು ಮೊದಲು ಮುಚ್ಚಿ, ದಿನವೂ ಕಾಗದ ಹೊರಬೀಳುತ್ತಿದ್ದವನ್ನು, ನಾಲ್ಕು ರಾತ್ರಿ ಸುಮ್ಮನಿದ್ದ ಮೇಲೆಯೇ ಮುಚ್ಚಿದೆವು. ಇಲ್ಲದಿದ್ದರೆ ಇಲಿ ಒಳಗೇ ಸಿಕ್ಕಿಬೀಳುತ್ತದೆ. ಗೌಂಡಿ ಸಿಮೆಂಟಿನಲ್ಲಿ ಗಾಜಿನ ಚೂರು ಬೆರೆಸಿದ. ಚಿಕ್ಕ ಸಂದಿಗಳಲ್ಲಿ ಪಾತ್ರೆ ತಿಕ್ಕುವ ತಂತಿನಾರು ತುರುಕಿದ. ಬಾಗಿಲಿನ ಕೆಳಗೆ ತಗಡಿನ ಪಟ್ಟಿ, ಮೋರಿಗೆ ಜಾಳಿಗೆ ಬಂದವು. ಪುದೀನೆಯ ವಾಸನೆಗೆ ಇಲಿ ಓಡುತ್ತದೆಂದು ಯಾರೋ ಹೇಳಿದ್ದರಿಂದ ಅದನ್ನೂ ನೋಡಿದೆವು. ಎರಡು ದಿನ ದೂರವಿದ್ದ ಇಲಿಗಳು ಮೂರನೆಯ ದಿನ ಪುದೀನೆಯ ಮೇಲೆಯೇ ನಡೆದುಹೋಗಿದ್ದವು.

ಒಂದು ತಿಂಗಳಲ್ಲಿ ಸೀಮೆಸುಣ್ಣದ ಪುಡಿ ಬೆಳಗಾದರೂ ಹಾಗೆಯೇ ಉಳಿಯತೊಡಗಿತು. ನಾನು ಗೆದ್ದೆನೆಂದು ಬೀಗುತ್ತಿರುವಾಗಲೇ ಪಕ್ಕದ ಮನೆಯ ಆಯಿ ಬಾಗಿಲಿಗೆ ಬಂದು ನಿಂತಳು. "ಗುರೂಜಿ, ನಿಮ್ಮ ಇಲಿ ಎಲ್ಲಾ ನಮ್ಮ ಮನೀಗೆ ಬಂದಾವ ನೋಡ್ರಿ," ಎಂದಳು. ಮಾತಿನಲ್ಲಿ ಸಿಟ್ಟಿರಲಿಲ್ಲ, ಅದರಿಂದಲೇ ನನಗೆ ಹೆಚ್ಚು ನಾಚಿಕೆಯಾಯಿತು. ನನ್ನ ಮಗಳ ಕೈಯನ್ನು ಕಾಯಲು ಹೋಗಿ ಒಂಟಿಯಾಗಿದ್ದ ಮುದುಕಿಯ ಜೋಳದ ಚೀಲಕ್ಕೆ ನಾನು ಇಲಿಗಳನ್ನು ಕಳಿಸಿದ್ದೆ. ನಮ್ಮಿಬ್ಬರ ನಡುವೆ ಇದ್ದುದು ಒಂದೇ ಗೋಡೆ. ಮುಚ್ಚಿದ್ದು ಮಾತ್ರ ನನ್ನ ಮಗ್ಗುಲು.

ಮರುದಿನ ರವಿವಾರ. ಅದೇ ಗೌಂಡಿಯನ್ನು ಕರೆದುಕೊಂಡು ಆಯಿಯ ಮನೆಗೆ ಹೋದೆ. ನಮ್ಮ ಓಣಿಯ ಮಕ್ಕಳು ಕೈಯಲ್ಲಿ ಪೆನ್ಸಿಲು ಹಿಡಿದು ತೂತು ಹುಡುಕಲು ಓಡಿದರು. ಒಬ್ಬನು ಎಣಿಸಿದನು, ಒಬ್ಬಳು ಬರೆದುಕೊಂಡಳು. ದಶಮಾಂಶವನ್ನು ಎಷ್ಟು ಸಲ ಹೇಳಿದರೂ ತಲೆಗೆ ಹತ್ತದ ಹುಡುಗನೊಬ್ಬ ಅಂದು ತೂತಿನ ಅಗಲವನ್ನು ಮಿಲಿಮೀಟರಿನಲ್ಲಿ ಸರಿಯಾಗಿ ಹೇಳಿದ. ಮೂರು ರವಿವಾರಗಳಲ್ಲಿ ಓಣಿಯ ಒಂಬತ್ತು ಮನೆಗಳಾದವು. ಓಣಿಯ ತುದಿಯ ಕಸದ ರಾಶಿಯೂ ಎದ್ದಿತು. ಇಲಿಗಳು ಭೂಮಿಯಿಂದ ಮಾಯವಾಗಲಿಲ್ಲ; ಹೊಲದ ಕಡೆಗೆ, ಕೇರೆಹಾವು ಗೂಬೆಗಳಿರುವ ತಮ್ಮ ಲೋಕಕ್ಕೆ ಹೋಗಿರಬೇಕು. ಈಗಲೂ ಕಬ್ಬು ಕಡಿಯುವ ಕಾಲಕ್ಕೆ ಒಂದೆರಡು ಬಂದು ಇಣುಕುತ್ತವೆ. ನಾವು ಮತ್ತೆ ಪೆನ್ಸಿಲು ಹಿಡಿಯುತ್ತೇವೆ.

ಇಲಿ ಬಂತೆಂದು ಮನೆಗೆ ಬೆಂಕಿ ಹಚ್ಚಬಾರದೆಂದು ಹಿರಿಯರು ಹೇಳಿದ್ದಾರೆ. ಮಗುವಿನ ಕೈಗೆಟುಕುವಲ್ಲಿ ಪಾಷಾಣವಿಡುವುದೂ ಬೆಂಕಿ ಹಚ್ಚಿದಂತೆಯೇ ಎಂಬುದನ್ನು ನಾನು ತಡವಾಗಿ ಕಲಿತೆ. ಇದನ್ನು ಓದುವ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ: ಇಂದು ಸಂಜೆ ಒಂದು ಪೆನ್ಸಿಲು ತೆಗೆದುಕೊಂಡು ನಿಮ್ಮ ಮನೆಯ ಗೋಡೆಯ ಬುಡವನ್ನು ಸುತ್ತಿ ಬನ್ನಿರಿ. ಅದು ಮುಗಿದ ಮೇಲೆ ಪಕ್ಕದ ಮನೆಗೂ ಹೋಗಿರಿ.