ಜನ್ನಾಪುರದ ಸುಣ್ಣದ ಕಡಲು

ಬೆಂಗಳೂರಿನಿಂದ ಹೊರಟು ತುಮಕೂರು, ಅರಸೀಕೆರೆ, ಬೀರೂರು, ತರೀಕೆರೆಗಳನ್ನು ಹಿಂದಿಕ್ಕಿ ಬರುವ ಹೆದ್ದಾರಿಯನ್ನು ನಮ್ಮ ಜನ ಇಂದಿಗೂ ಬಿ.ಎಚ್. ರಸ್ತೆಯೆಂದೇ ಕರೆಯುತ್ತಾರೆ. ಈ ಹೆಸರಿನ ಎರಡನೆಯ ಅಕ್ಷರ ಹೊನ್ನಾವರವನ್ನು ಸೂಚಿಸುತ್ತದೆಂಬುದನ್ನು ಭದ್ರಾವತಿಯ ಪೇಟೆಯಲ್ಲಿ ಓಡಾಡುವವರು ನೆನೆಯುವುದು ಅಪರೂಪ. ಇದೇ ರಸ್ತೆ ಶಿವಮೊಗ್ಗ, ಸಾಗರಗಳನ್ನು ಹಾದು, ಘಟ್ಟವನ್ನಿಳಿದು, ಶರಾವತಿ ಕಡಲನ್ನು ಸೇರುವೆಡೆಯಲ್ಲಿ ಮುಗಿಯುತ್ತದೆ. ಸಮುದ್ರ ನಮಗೆ ಅಷ್ಟು ದೂರದ್ದೇನಲ್ಲ; ಬಸ್ಸಿನಲ್ಲಿ ಕುಳಿತರೆ ಒಂದೇ ರಸ್ತೆ. ಆದರೆ ನಾನು ಹೇಳಹೊರಟಿರುವ ಸಮುದ್ರವನ್ನು ನೋಡಲು ಘಟ್ಟವಿಳಿಯಬೇಕಾದ ಅಗತ್ಯವಿಲ್ಲ. ಭದ್ರಾವತಿಯಲ್ಲಿಯೇ ಇಳಿದು ಜನ್ನಾಪುರದ ಕಡೆಗೆ ಹೆಜ್ಜೆ ಹಾಕಿದರೆ ಸಾಕು.

ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ವಂಕಿ ಋಷಿಯ ಹೆಸರಿನಿಂದ ವಂಕಿಪುರವಾಗಿದ್ದುದು ಬೆಂಕಿಪುರವಾಯಿತೆಂದು ಹೇಳುವವರಿದ್ದಾರೆ. ವ್ಯುತ್ಪತ್ತಿ ಹೇಗಾದರೂ ಇರಲಿ, 1918ರಲ್ಲಿ ಇಲ್ಲಿ ಕಬ್ಬಿಣದ ಕಾರ್ಖಾನೆಗೆ ಅಂಕುರಾರ್ಪಣವಾಗಿ, 1923ರಲ್ಲಿ ಕುಲುಮೆ ಉರಿಯತೊಡಗಿದ ಮೇಲೆ ಬೆಂಕಿಪುರವೆಂಬ ಹೆಸರೇ ಅನ್ವರ್ಥವಾಗಿ ಕಂಡದ್ದು ಸಹಜ. ವಿಶ್ವೇಶ್ವರಯ್ಯನವರು ಅದರ ಹೊಣೆ ಹೊತ್ತು ನಡೆಸಿದ ಕಥೆಯನ್ನು ಓದುಗರು ಶಾಲಾಪುಸ್ತಕಗಳಲ್ಲಿಯೇ ಓದಿರುತ್ತಾರೆ. ಅದಿರು ಕೆಮ್ಮಣ್ಣುಗುಂಡಿಯದು, ಇದ್ದಿಲು ಮಲೆನಾಡಿನ ಕಾಡಿನದು, ನೀರು ಭದ್ರೆಯದು. ನಾಲ್ಕನೆಯದೊಂದುಂಟು, ಅದನ್ನು ನೆನೆಯುವವರು ಕಡಿಮೆ: ಭಂಡಿಗುಡ್ಡದ ಸುಣ್ಣಕಲ್ಲು. ಅದಿರಿನೊಡನೆ ಸುಣ್ಣಕಲ್ಲನ್ನು ಕುಲುಮೆಗೆ ಸುರಿಯದಿದ್ದರೆ ಅದಿರಿನಲ್ಲಿರುವ ಮರಳಿನಂಶ ಕಬ್ಬಿಣವನ್ನು ಬಿಟ್ಟು ಹೋಗುವುದಿಲ್ಲ. ಸುಣ್ಣವು ಆ ಮರಳನ್ನು ತನ್ನೊಡನೆ ಕರಗಿಸಿಕೊಂಡು ಕಿಟ್ಟವಾಗಿ ಮೇಲೆ ತೇಲುತ್ತದೆ. ಕೆಳಗೆ ಕಬ್ಬಿಣ ಉಳಿಯುತ್ತದೆ. ಕಬ್ಬಿಣದ ಊರೆಂದು ಪ್ರಸಿದ್ಧವಾದ ಈ ಊರು, ಹೀಗೆ ನೋಡಿದರೆ, ಸುಣ್ಣದ ಊರೂ ಹೌದು. ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಪ್ರಕಟವಾದಾಗ ಊರೆಲ್ಲ ಬೀದಿಗಿಳಿದದ್ದನ್ನು ಪತ್ರಿಕೆಗಳಲ್ಲಿ ಕಂಡವರಿಗೆ ಈ ಊರಿನ ಪ್ರಾಣ ಎಲ್ಲಿದೆಯೆಂದು ವಿವರಿಸಬೇಕಾಗಿಲ್ಲ.

ಜನ್ನಾಪುರದ ಒಂದು ಅಡ್ಡಬೀದಿಯಲ್ಲಿ ನನ್ನ ಪರಿಚಿತರಾದ ಹಿರಿಯರೊಬ್ಬರ ಮನೆಯಿದೆ. ಪ್ರಯೋಗಶಾಲೆಯೊಂದರಲ್ಲಿ ಸುಣ್ಣಕಲ್ಲು, ಕಿಟ್ಟಗಳ ಮಾದರಿಗಳನ್ನು ಪರೀಕ್ಷಿಸುವ ಕೆಲಸದಲ್ಲಿ ಬಹುಕಾಲ ಕಳೆದು ನಿವೃತ್ತರಾದವರು. ಹೆಸರು ಬರೆಯುವುದು ಅವರಿಗಿಷ್ಟವಿಲ್ಲ. ಅವರ ನಡುಮನೆಯಲ್ಲಿ ನಾಲ್ಕಡಿ ಉದ್ದದ ಗಾಜಿನ ತೊಟ್ಟಿಯೊಂದಿದೆ. ಇನ್ನೂರು ಲೀಟರ್ ಉಪ್ಪುನೀರು, ಅದರಲ್ಲೊಂದು ಪುಟ್ಟ ಕಡಲು. ನಾವು ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ ಬಣ್ಣದ ಮೀನಿನ ತೊಟ್ಟಿಗೂ ಇದಕ್ಕೂ ಅಜಗಜಾಂತರ. ಕೃತಕ ಬಂಡೆಗಳ ಮೈಮೇಲೆಲ್ಲ ಗುಲಾಬಿ, ನೇರಳೆ ಬಣ್ಣದ ಗಟ್ಟಿ ಪದರ ಹಬ್ಬಿದೆ. ಅದು ಬಳಿದ ಬಣ್ಣವಲ್ಲ, ಸುಣ್ಣವನ್ನು ಮೈಗೂಡಿಸಿಕೊಂಡು ಕಲ್ಲಿನಂತೆ ಬೆಳೆಯುವ ಪಾಚಿ. ಒಂದು ಮೂಲೆಯಲ್ಲಿ ಹ್ಯಾಲಿಮೀಡ ಎಂಬ ಹಸುರು ಪಾಚಿ, ಬಿಲ್ಲೆಗಳನ್ನು ಪೋಣಿಸಿ ನಿಲ್ಲಿಸಿದಂತೆ. ಅದರ ಬಿಲ್ಲೆ ಬಿಲ್ಲೆಯಲ್ಲಿಯೂ ಸುಣ್ಣವೇ. ಬಸವನಹುಳುಗಳ ಚಿಪ್ಪು ಸುಣ್ಣ. ಬಂಡೆಯ ಸಂದಿನಿಂದ ಬೀಸಣಿಗೆಯಂತೆ ತಲೆ ಹೊರಚಾಚಿ, ನೆರಳು ಬಿದ್ದೊಡನೆ ಒಳಸರಿಯುವ ಹುಳುವಿನ ಕೊಳವೆಮನೆಯೂ ಸುಣ್ಣ. ಇವುಗಳ ನಡುವೆ ಮರಿಸಾಕಣೆಯಲ್ಲಿ ಹುಟ್ಟಿ ಬೆಳೆದ ಎರಡು ಕಿತ್ತಳೆ ಬಣ್ಣದ ಕೋಡಂಗಿ ಮೀನುಗಳು, ಮನೆಯ ಯಜಮಾನರೇ ತಾವೆಂಬಂತೆ ತಿರುಗುತ್ತವೆ.

ಇಷ್ಟು ಜೀವಿಗಳಿಗೂ ಬೇಕಾದ ಸುಣ್ಣ ಬರುವುದು ನೀರಿನಿಂದ. ಸಹಜವಾದ ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 410ರಿಂದ 420 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಚಿಪ್ಪು ಕಟ್ಟಲು ಅದೊಂದೇ ಸಾಲದು. ಅದರೊಡನೆ ಕೂಡುವ ಕಾರ್ಬೊನೇಟಿನ ಅಂಶವೂ ಬೇಕು. ನೀರಿನಲ್ಲಿ ಈ ಎರಡನೆಯದರ ಸಂಗ್ರಹವೆಷ್ಟಿದೆಯೆಂಬುದನ್ನು ತಿಳಿಸುವ ಅಳತೆಯೇ ಕ್ಷಾರತೆ. ಇದನ್ನು ಜರ್ಮನ್ ಡಿಗ್ರಿಗಳಲ್ಲಿ ಹೇಳುವುದು ವಾಡಿಕೆ; ಕಡಲಲ್ಲಿ ಸುಮಾರು 7, ತೊಟ್ಟಿಯಲ್ಲಿ 7ರಿಂದ 9ರವರೆಗೆ ಇಟ್ಟುಕೊಳ್ಳುವವರೇ ಹೆಚ್ಚು. ಕಡಲಿಗೆ ನದಿಗಳು ಬಂಡೆಗಳನ್ನು ಸವೆಸಿ ತಂದು ಸುರಿಯುವುದರಿಂದ ಅಲ್ಲಿ ಈ ಸಂಪತ್ತು ಬತ್ತುವುದಿಲ್ಲ. ಗಾಜಿನ ಪೆಟ್ಟಿಗೆಗೆ ಯಾವ ನದಿಯೂ ಹರಿಯುವುದಿಲ್ಲ. ನದಿಯ ಕೆಲಸವನ್ನು ಮನೆಯವರೇ ಮಾಡಬೇಕು.

ಇಲ್ಲಿ ಒಂದು ಸ್ವಾರಸ್ಯವಿದೆ. ಚಿಪ್ಪು ಬೆಳೆಯುವಾಗ ಎರಡೂ ಒಂದು ಗೊತ್ತಾದ ಪ್ರಮಾಣದಲ್ಲಿಯೇ ಖರ್ಚಾಗುತ್ತವೆ: ಕ್ಷಾರತೆ 2.8 ಡಿಗ್ರಿ ಇಳಿದರೆ ಕ್ಯಾಲ್ಸಿಯಂ ಲೀಟರಿಗೆ 20 ಮಿಲಿಗ್ರಾಂ ಇಳಿದಿರುತ್ತದೆ. 8ರಲ್ಲಿ 2.8 ಹೋದರೆ ಮೂರನೆಯ ಒಂದಂಶಕ್ಕಿಂತ ಹೆಚ್ಚೇ ಹೋದಂತಾಯಿತು, ಜೀವಿಗಳು ತತ್ತರಿಸುತ್ತವೆ. 420ರಲ್ಲಿ 20 ಹೋದದ್ದು ಮನೆಯಲ್ಲಿ ಮಾಡುವ ಪರೀಕ್ಷೆಗೆ ಸರಿಯಾಗಿ ಕಾಣುವುದೂ ಇಲ್ಲ. ಕ್ಯಾಲ್ಸಿಯಂ ಕಣಜದ ಭತ್ತ. ಕ್ಷಾರತೆ ಕೈಚೀಲದ ಹಣ. ಹೊಸದಾಗಿ ತೊಟ್ಟಿ ಇಟ್ಟವರು ಕ್ಯಾಲ್ಸಿಯಮ್ಮನ್ನೇ ಮತ್ತೆ ಮತ್ತೆ ಅಳೆದು ನಿಶ್ಚಿಂತರಾಗಿರುತ್ತಾರೆಂದೂ, ಅಷ್ಟರಲ್ಲಿ ಕೈಚೀಲ ಬರಿದಾಗಿರುತ್ತದೆಂದೂ ಹಿರಿಯರು ನಗುತ್ತಾರೆ. ಅವರು ಕ್ಷಾರತೆಯನ್ನು ದಿನವೂ ಸಂಜೆ ಆರು ಗಂಟೆಗೆ ಅಳೆಯುತ್ತಾರೆ, ಕ್ಯಾಲ್ಸಿಯಂ ಭಾನುವಾರಕ್ಕೊಮ್ಮೆ. ಎರಡಕ್ಕೂ ಮೊದಲು ನೀರಿನ ಉಪ್ಪನ್ನು ನೋಡುವುದು ಕಡ್ಡಾಯ. ಲೀಟರಿಗೆ 35 ಗ್ರಾಂ ಉಪ್ಪು ಇರಬೇಕಾದಲ್ಲಿ 30 ಇದ್ದರೆ ಉಳಿದ ಲೆಕ್ಕವೆಲ್ಲ ಸುಳ್ಳಾಗುತ್ತದೆ.

ಅಳೆಯುವ ಕ್ರಮವನ್ನು ನೋಡುವುದೇ ಒಂದು ಸಂತೋಷ. ಸಣ್ಣ ಗಾಜಿನ ನಳಿಕೆಯಲ್ಲಿ ತೊಟ್ಟಿಯ ನೀರು. ಅದಕ್ಕೆ ಬಣ್ಣದ ಔಷಧಿ ಹಾಕಿದರೆ ನೀಲಿಯಾಗುತ್ತದೆ. ಆಮೇಲೆ ಹನಿಹನಿಯಾಗಿ ಆಮ್ಲ. ಎಷ್ಟನೆಯ ಹನಿಗೆ ನೀಲಿ ಹಳದಿಗೆ ತಿರುಗಿತೋ ಅದರಿಂದ ಕ್ಷಾರತೆ ತಿಳಿಯುತ್ತದೆ. ಯೌವನದಿಂದಲೂ ಬ್ಯೂರೆಟ್ಟಿನ ಮುಂದೆ ನಿಂತ ಕೈ ಅದು. ಕೊನೆಯ ಹನಿ ಬೀಳುವ ಮುನ್ನ ಒಂದು ಕ್ಷಣ ತಡೆಯುತ್ತದೆ. ನಾನು ಪದ್ಯದ ಯತಿಯನ್ನು ನೆನೆದೆ. ಕನ್ನಡದ ಮೇಷ್ಟರಿಗೆ ಬೇರೇನು ನೆನಪಾದೀತು!

“ಭಂಡಿಗುಡ್ಡದ ಎರಡು ಕಲ್ಲುಗಳನ್ನು ತೊಟ್ಟಿಯಲ್ಲಿ ಹಾಕಿಬಿಟ್ಟರೆ ಆಗದೆ? ತಾನಾಗಿ ಕರಗುತ್ತಾ ಇರಲಿ” ಎಂದು ನಾನು ಕೇಳಿದೆ.

ಆಗದು. ಕಡಲ ನೀರಿನಲ್ಲಿ ಸುಣ್ಣದ ಅಂಶ ಆಗಲೇ ಹಿಡಿಯುವುದಕ್ಕಿಂತ ಹೆಚ್ಚಾಗಿ ತುಂಬಿರುತ್ತದೆ. ಹೆಚ್ಚಾದದ್ದು ಉದುರಿಹೋಗದಂತೆ ತಡೆದಿರುವುದರಲ್ಲಿ ಲೀಟರಿಗೆ ಸುಮಾರು 1300 ಮಿಲಿಗ್ರಾಂನಷ್ಟಿರುವ ಮೆಗ್ನೀಸಿಯಂ ಪಾತ್ರ ದೊಡ್ಡದು. ಅಂಥ ನೀರಿನಲ್ಲಿ ಸುಣ್ಣಕಲ್ಲು ವರ್ಷವಿಡೀ ಇದ್ದರೂ ಕರಗುವುದಿಲ್ಲ. ಕರಗಿಸಲೇಬೇಕೆಂದರೆ ಬೇರೊಂದು ಮುಚ್ಚಿದ ಕೊಳವೆಯಲ್ಲಿ ಕಲ್ಲಿನ ಚೂರುಗಳನ್ನು ತುಂಬಿ, ಇಂಗಾಲಾಮ್ಲ ಅನಿಲವನ್ನು ಗುಳ್ಳೆಗುಳ್ಳೆಯಾಗಿ ಬಿಟ್ಟು, ನೀರನ್ನು ಆಮ್ಲೀಯವಾಗಿಸಬೇಕು. ಹಾಗೆ ಮಾಡುವ ಯಂತ್ರಗಳೂ ಇವೆ, ದೊಡ್ಡ ತೊಟ್ಟಿಗಳವರು ಇಟ್ಟುಕೊಳ್ಳುತ್ತಾರೆ. ಇನ್ನು ಕೆಲವರು ಕ್ಯಾಲ್ಸಿಯಂ ಕ್ಲೋರೈಡಿನ ದ್ರಾವಣವನ್ನೂ ಅಡುಗೆ ಸೋಡದ ದ್ರಾವಣವನ್ನೂ ಬೇರೆಬೇರೆ ಸೀಸೆಗಳಲ್ಲಿಟ್ಟು ಅಳತೆಯಂತೆ ಹಾಕುವರು. ಎರಡನ್ನೂ ಒಂದೆಡೆ ಬೆರಸಿದರೆ ಅಲ್ಲಿಯೇ ಸೀಮೆಸುಣ್ಣವಾಗಿ ಕೆಳಗಿಳಿಯುತ್ತದೆ.

ನಮ್ಮ ಹಿರಿಯರದು ಮೂರನೆಯ ಮಾರ್ಗ, ಎಲ್ಲಕ್ಕಿಂತ ಅಗ್ಗವಾದದ್ದು: ಸುಣ್ಣದ ತಿಳಿ. ಜರ್ಮನ್ ಭಾಷೆಯಲ್ಲಿ ಇದಕ್ಕೆ ಕಾಲ್ಕ್‌ವಾಸರ್ ಎಂದು ಹೆಸರು. ಸುಣ್ಣದ ನೀರೆಂದೇ ಅದರ ಅರ್ಥ. 1970ರ ದಶಕದಲ್ಲಿ ಪೀಟರ್ ವಿಲ್ಕೆನ್ಸ್ ಎಂಬವರು ಇದನ್ನು ಪ್ರಚಾರಕ್ಕೆ ತಂದ ಮೇಲೆ ಲೋಕದ ತೊಟ್ಟಿಗಾರರೆಲ್ಲ ಆ ಜರ್ಮನ್ ಪದವನ್ನೇ ಮಂತ್ರದಂತೆ ಹೇಳುತ್ತಾರೆ. ನಮ್ಮ ಅಜ್ಜಿಯರ ಎಲೆಯಡಿಕೆ ತಟ್ಟೆಯ ಸುಣ್ಣದ ಕರಂಡಕದಲ್ಲಿದ್ದ ವಸ್ತುವೇ ಅದು. ಚೂರ್ಣದ ತದ್ಭವ ಸುಣ್ಣ, ಪ್ರವಾಳದ ತದ್ಭವ ಹವಳ. ಎರಡು ತದ್ಭವಗಳೂ ಒಂದೇ ನೀರಿನಲ್ಲಿ ಸಂಧಿಸುವುದು ನನ್ನಂಥವನಿಗೆ ಮೆಚ್ಚಿಕೆಯಾಗದಿದ್ದೀತೆ?

ಕಲ್ಲನ್ನೋ ಚಿಪ್ಪನ್ನೋ ಗೂಡಿನಲ್ಲಿ ಸುಟ್ಟರೆ ಅದರ ತೂಕದಲ್ಲಿ ನೂರಕ್ಕೆ 44 ಪಾಲು ಅನಿಲವಾಗಿ ಹಾರಿಹೋಗಿ ಸುಟ್ಟಸುಣ್ಣ ಉಳಿಯುತ್ತದೆ. ನೀರು ಹಾಕಿದರೆ ಕುದಿದು ಅರಳುತ್ತದೆ. ಗೋಡೆಗೆ ಬಳಿದರೆ ಗಾಳಿಯಲ್ಲಿರುವ ಅದೇ ಅನಿಲವನ್ನು ಮರಳಿ ಹೀರಿ ಪುನಃ ಕಲ್ಲಾಗುತ್ತದೆ. ಸುಣ್ಣದ ತಿಳಿಯನ್ನು ತೆರೆದಿಟ್ಟರೆ ಮೇಲೆ ಕೆನೆ ಕಟ್ಟುವುದೂ ಅದರಿಂದಲೇ. ಆದ್ದರಿಂದ ಪಾತ್ರೆಗೆ ಮುಚ್ಚಳ ಬೇಕು. ಒಂದು ಲೀಟರ್ ನೀರು ಒಂದೂವರೆ ಗ್ರಾಂಗಿಂತ ಸ್ವಲ್ಪ ಹೆಚ್ಚು ಸುಣ್ಣವನ್ನು ಮಾತ್ರ ಕರಗಿಸಿಕೊಳ್ಳಬಲ್ಲುದು, ಬಿಸಿನೀರಾದರೆ ಇನ್ನೂ ಕಡಿಮೆ. ಸಕ್ಕರೆ ಉಪ್ಪುಗಳ ಸ್ವಭಾವಕ್ಕೆ ಇದು ತಿರುಗುಮುರುಗು. ಎಲೆಗೆ ಹಚ್ಚುವ ಸುಣ್ಣವನ್ನು ಅವರು ಬಳಸುವುದಿಲ್ಲ, ಅದರಲ್ಲಿ ಮತ್ತೇನು ಬೆರೆತಿದೆಯೆಂದು ಹೇಳಲಾಗದು; ರಾಸಾಯನಿಕ ವಸ್ತುಗಳ ಅಂಗಡಿಯಿಂದ ಶುದ್ಧವಾದದ್ದನ್ನು ತರಿಸುತ್ತಾರೆ. ಅವರ ತೊಟ್ಟಿಯಲ್ಲಿ ದಿನಕ್ಕೆ 0.3 ಡಿಗ್ರಿಯಷ್ಟು ಕ್ಷಾರತೆ ಇಳಿಯುತ್ತದೆ. ಅದನ್ನು ತುಂಬಲು ಅರ್ಧ ಲೀಟರಿನಷ್ಟು ತಿಳಿ ಸಾಕು. ಅದರಲ್ಲಿರುವ ಸುಣ್ಣ ಒಂದು ಗ್ರಾಂ ಕೂಡ ಇಲ್ಲ! ಅದೇ ತಿಳಿ ಕ್ಯಾಲ್ಸಿಯಮ್ಮನ್ನೂ ಖರ್ಚಾದ ಪ್ರಮಾಣದಲ್ಲಿಯೇ ಮರಳಿಸುವುದರಿಂದ ಎರಡು ಖಾತೆಗಳೂ ಒಟ್ಟಿಗೆ ಸರಿದೂಗುತ್ತವೆ. ನೀರು ಆರಿ ಕಡಿಮೆಯಾದದ್ದಕ್ಕೆ ಭರ್ತಿಯೂ ಆಗುತ್ತದೆ.

ಆದರೆ ಅವಸರ ಕೂಡದು. ಸುಣ್ಣದ ತಿಳಿ ಉಗ್ರಕ್ಷಾರ. ಕಣ್ಣಿಗೆ ಸಿಡಿದರೆ ಅಪಾಯ. ಆಸ್ಪತ್ರೆಯ ಗ್ಲೂಕೋಸ್ ಕೊಳವೆಯಂಥದರಿಂದ ರಾತ್ರಿಯೆಲ್ಲ ಹನಿಹನಿಯಾಗಿ ಬೀಳಿಸುತ್ತಾರೆ. ರಾತ್ರಿಯೇ ಏಕೆಂದರೆ, ಬೆಳಕಿಲ್ಲದಾಗ ಪಾಚಿಗಳು ಇಂಗಾಲಾಮ್ಲವನ್ನು ಹೀರುವುದು ನಿಂತು ನೀರು ಆಮ್ಲದ ಕಡೆಗೆ ವಾಲುತ್ತದೆ. ಆಗ ಬೀಳುವ ಸುಣ್ಣ ಅದನ್ನು ಎತ್ತಿಹಿಡಿಯುತ್ತದೆ. ಒಂದು ರಾತ್ರಿ ಕೊಳವೆಯ ಬಿಗಿ ಸಡಿಲವಾಗಿ ಪಾತ್ರೆಯಷ್ಟೂ ಒಮ್ಮೆಗೇ ಇಳಿಯಿತಂತೆ. ಬೆಳಗ್ಗೆ ಎದ್ದು ನೋಡಿದರೆ ತೊಟ್ಟಿಯ ತುಂಬ ಹಾಲು. ಕರಗಿದ್ದ ಸುಣ್ಣವೆಲ್ಲ ಮಂಜಿನಂತೆ ಉದುರಿ, ಕ್ಷಾರತೆ ಹೆಚ್ಚುವ ಬದಲು ಕುಸಿದಿತ್ತು. ಕೊಳವೆಹುಳುಗಳು ಸತ್ತವು, ಮೀನುಗಳನ್ನು ಬಕೆಟ್ಟಿಗೆ ಸಾಗಿಸಿ ಉಳಿಸಿಕೊಂಡದ್ದಾಯಿತು. ಗುಲಾಬಿ ಪಾಚಿ ಬಿಳಚಿಕೊಂಡು ಮರಳಿ ಬಣ್ಣ ತಳೆಯಲು ತಿಂಗಳುಗಳೇ ಬೇಕಾದುವು. ಆ ಕಥೆಯನ್ನು ಹೇಳುವಾಗ ಅವರ ಮನೆಯಾಕೆ ಒಳಗಿನಿಂದ, “ಮೂರು ದಿನ ಊಟ ಮಾಡಲಿಲ್ಲ” ಎಂದು ಸೇರಿಸಿದರು. ಈಗ ಪಾತ್ರೆಯಲ್ಲಿ ಒಂದು ರಾತ್ರಿಗೆ ಬೇಕಾದಷ್ಟು ತಿಳಿಯನ್ನು ಮಾತ್ರ ತುಂಬುತ್ತಾರೆ.

ಇಷ್ಟೆಲ್ಲ ಬಲ್ಲವರ ತೊಟ್ಟಿಯಲ್ಲಿ ಹವಳವೇ ಇಲ್ಲವೆಂಬುದನ್ನು ಓದುಗರು ಗಮನಿಸಿರಬಹುದು. ಆಸೆಯೇನೋ ಉಂಟು. ಆದರೆ ದಿಬ್ಬ ಕಟ್ಟುವ ಕಲ್ಲುಹವಳಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿಸಲಾಗಿದೆ. ಹುಲಿ ಆನೆಗಳಿರುವ ಪಟ್ಟಿ ಅದು. ನಮ್ಮ ಕಡಲಿನಿಂದ ಅವನ್ನು ಕೀಳುವುದು ಅಪರಾಧ. ಹಾಗಿದ್ದೂ ತರಿಸಿಕೊಡುತ್ತೇವೆಂದು ಪಿಸುಗುಟ್ಟುವವರು ಸಿಗುತ್ತಾರಂತೆ. ಇವರು ಒಪ್ಪಿಲ್ಲ. ಹವಳವನ್ನು ನೋಡಬೇಕೆನಿಸಿದಾಗ ಮುರುಡೇಶ್ವರಕ್ಕೆ ಹೋಗಿ, ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪದ ಬಳಿಗೆ ಹೋಗಿಬಂದಿದ್ದಾರೆ. ಈಜು ಬಾರದ ಕಾರಣ ದೋಣಿಯ ಅಂಚಿನಿಂದಲೇ ಬಗ್ಗಿ ನೋಡಿದರಂತೆ. ಲಕ್ಷದ್ವೀಪದಲ್ಲಿ 1998, 2010, 2016ರ ಬಿಸಿ ವರ್ಷಗಳಲ್ಲಿ ಹವಳಗಳು ಬಿಳಚಿ ಸತ್ತುದನ್ನೂ, ಮನುಷ್ಯ ಉರಿಸುವ ಕಲ್ಲಿದ್ದಲು ಎಣ್ಣೆಗಳ ಅನಿಲವನ್ನು ಹೀರಿ ಸಮುದ್ರದ ಕ್ಷಾರಗುಣವೇ ಕುಂದುತ್ತಿರುವುದನ್ನೂ ಅವರು ಓದಿ ಬಲ್ಲರು. ಕುಲುಮೆಯ ಊರಿನಲ್ಲಿ ಬಾಳಿದವರು ಈ ಮಾತನ್ನು ಮೆಲ್ಲಗೆ ಆಡುತ್ತಾರೆ.

ಮುಂದಿನ ತಿಂಗಳು ಮಗಳ ಮನೆಗೆ ಹತ್ತು ದಿನ ಹೋಗಬೇಕಾಗಿದೆಯಂತೆ. ತೊಟ್ಟಿಯನ್ನು ನೋಡಿಕೊಳ್ಳಲು ಪಕ್ಕದ ಮನೆಯ ಹೈಸ್ಕೂಲು ಹುಡುಗ ತಯಾರಾಗುತ್ತಿದ್ದಾನೆ. ಹದಿನೈದು ದಿನಗಳಿಂದ ಸಂಜೆ ಆರಕ್ಕೆ ಬಂದು ಅವನೂ ಅಳೆಯುತ್ತಾನೆ. ಇಬ್ಬರ ಅಂಕಿಗಳನ್ನೂ ಒಂದೇ ನೋಟುಪುಸ್ತಕದಲ್ಲಿ ಎದುರುಬದುರಾಗಿ ಬರೆಯುತ್ತಾರೆ. ನಾನು ಹೋದ ದಿನ ಹಿರಿಯರಿಗೆ 7.8 ಬಂದಿತ್ತು, ಹುಡುಗನಿಗೆ 8.1. “ನೀನು ಕೊನೆಯ ಹನಿಯನ್ನು ಬೇಗ ಹಾಕಿದೆ” ಎಂದು ಅವರೂ, “ನಿಮ್ಮ ಕನ್ನಡಕ ಬದಲಾಯಿಸಬೇಕು” ಎಂದು ಅವನೂ ವಾದಿಸುತ್ತ, ಇಬ್ಬರೂ ಮತ್ತೊಮ್ಮೆ ನಳಿಕೆ ತೊಳೆದು ನೀರು ತುಂಬಿಕೊಂಡರು.